ಕುಂಟದ ನಾಯಿಯ ಕಾಲುನೋವು: ಒಂದು ಅಜಿಲಿಟಿ ನಾಯಿಯ ಪ್ರಕರಣ

ರೂಬಿ (ಹೆಸರು ಬದಲಿಸಿದ್ದೇನೆ) ಐದು ವರ್ಷದ ಬಾರ್ಡರ್ ಕಾಲಿ. ಹೆಣ್ಣು, ಸಂತಾನಹರಣ ಆಗಿದೆ, ತೂಕ 17.8 ಕಿಲೋ. ಆಡುವುದು ಅಜಿಲಿಟಿ, ಅಂದರೆ ಕಂಬಿ ಹಾರುವುದು, ಸಾಲಾಗಿ ನೆಟ್ಟ ಕಂಬಗಳ (ವೀವ್ ಪೋಲ್) ನಡುವೆ ಅಂಕುಡೊಂಕಾಗಿ ನುಗ್ಗುವುದು, ಎರಡು ಇಳಿಜಾರು ಹಲಗೆ ಜೋಡಿಸಿದ ಎ-ಫ್ರೇಮ್ ಹತ್ತಿ ಇಳಿಯುವುದು, ಹೀಗೆ ಅಡೆತಡೆಗಳನ್ನು ಬೇಗ ದಾಟುವ ಆಟ. ಮಾಲೀಕರ ದೂರು ಹೀಗಿತ್ತು: ಹಾರುವಾಗ ಕಂಬಿ ಬೀಳಿಸುತ್ತದೆ, ಎಡಕ್ಕೆ ತಿರುಗಬೇಕಾದಾಗ ಅಗಲವಾಗಿ ಸುತ್ತಿಕೊಂಡು ಬರುತ್ತದೆ, ವೀವ್ ಪೋಲ್‌ಗಳಲ್ಲಿ ಕೊನೆಯ ಕಂಬಗಳನ್ನು ಬಿಟ್ಟು ಹೊರಗೆ ಬಂದುಬಿಡುತ್ತದೆ. ಮೊದಲು ಹೀಗಿರಲಿಲ್ಲ. ಕುಂಟುತ್ತದಾ ಅಂತ ಕೇಳಿದರೆ, ಇಲ್ಲ. ವಾಕಿಂಗ್‌ನಲ್ಲಿ ಚೆನ್ನಾಗಿ ನಡೆಯುತ್ತದೆ, ಚೆಂಡು ಎಸೆದರೆ ಓಡುತ್ತದೆ, ಊಟ ಬಿಟ್ಟಿಲ್ಲ.

ಇದಕ್ಕೆ ಮುಂಚೆ ಎರಡು ಸಲ ಬೇರೆ ಕಡೆ ತೋರಿಸಿದ್ದರು. ಎರಡೂ ಸಲ ಎಡ ತೊಡೆಸಂದಿನ ಇಲಿಯೋಸೊಯಾಸ್ (ಚಿಕ್ಕದಾಗಿ ಸೊಯಾಸ್) ಸ್ನಾಯುವಿಗೆ ಪೆಟ್ಟಾಗಿದೆ ಎಂದು ತೀರ್ಮಾನವಾಗಿತ್ತು. ವಿಶ್ರಾಂತಿ, ಜೊತೆಗೆ ಉರಿಯೂತ ಇಳಿಸುವ ಮಾತ್ರೆ. ಎರಡೂ ಸಲ ವಾಸಿಯಾಯಿತು. ತರಬೇತಿ ಶುರುವಾದ ಕೆಲವೇ ವಾರಕ್ಕೆ ಮತ್ತೆ ಅದೇ ಕಥೆ.

ಆ ತೀರ್ಮಾನ ಸುಳ್ಳಲ್ಲ. ಆ ಸ್ನಾಯು ನಿಜಕ್ಕೂ ನೋಯುತ್ತಿತ್ತು. ಆದರೆ ಎಲ್ಲಿ ನೋಯುತ್ತಿದೆ ಅನ್ನುವುದು ಒಂದು ಪ್ರಶ್ನೆ, ಅಲ್ಲಿ ಯಾಕೆ ನೋಯುತ್ತಿದೆ ಅನ್ನುವುದು ಇನ್ನೊಂದು. ರೂಬಿಯ ವಿಷಯದಲ್ಲಿ ಮೊದಲನೆಯದಕ್ಕೆ ಉತ್ತರ ಸಿಕ್ಕಿದ ಮೇಲೆ ಎರಡನೆಯದನ್ನು ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಆಟ ಮತ್ತು ಪೆಟ್ಟು

ಆಟಗಾರ ನಾಯಿಗೆ ಪೆಟ್ಟು ಎಲ್ಲಿ ಬೀಳುತ್ತದೆ ಅನ್ನುವುದನ್ನು ಬಹುಮಟ್ಟಿಗೆ ಆಟವೇ ನಿರ್ಧರಿಸುತ್ತದೆ. ರೇಸಿನ ಗ್ರೇಹೌಂಡ್ ನೋಡಿ. ಅದು ಯಾವಾಗಲೂ ಎಡಕ್ಕೇ ತಿರುಗುವ ಟ್ರ್ಯಾಕಿನಲ್ಲಿ ಓಡುತ್ತದೆ. ತಿರುವಿನಲ್ಲಿ ಬಲ ಹಿಂಗಾಲಿನ ಹಾಕ್ ಕೀಲಿನ (ನಮ್ಮ ಕಣಕಾಲಿಗೆ ಸಮನಾದ ಕೀಲು) ಒಳಬದಿ ಒತ್ತಡಕ್ಕೆ ಸಿಕ್ಕುತ್ತದೆ. ಅದಕ್ಕೇ ಅವುಗಳಲ್ಲಿ ಹಾಕ್ ಕೀಲಿನ ನಡುಮೂಳೆ ಮುರಿದರೆ ಅದು ಹೆಚ್ಚುಕಡಿಮೆ ಯಾವಾಗಲೂ ಬಲಗಾಲಿನದೇ. ಒಂದೇ ಸಲದ ಪೆಟ್ಟಿಗೆ ಮುರಿಯುವುದಲ್ಲ, ಓಡಿ ಓಡಿ ದಣಿದ ಮೂಳೆ ಒಂದು ದಿನ ಕೈಕೊಡುತ್ತದೆ.

ಅಜಿಲಿಟಿಯ ಲೆಕ್ಕ ಬೇರೆ. 1978ರಲ್ಲಿ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ಕಾರ್ಯಕ್ರಮಗಳ ನಡುವಿನ ಬಿಡುವಿನಲ್ಲಿ ಜನರನ್ನು ರಂಜಿಸಲು ಶುರುವಾದ ಆಟ ಇದು. ಕುದುರೆಗಳ ಷೋ ಜಂಪಿಂಗ್ ನೋಡಿ ಹುಟ್ಟಿದ್ದು. ಈಗ ಅದು ಸೆಕೆಂಡಿನ ನೂರನೇ ಭಾಗದಲ್ಲಿ ಗೆಲುವು ಸೋಲು ಆಗುವ ಆಟ. ಕಂಬಿ ಹಾರಿ ನೆಲಕ್ಕೆ ಬರುವಾಗ ಮುಂಗಾಲುಗಳ ಮೇಲೆ ದೇಹದ ತೂಕದ ಸುಮಾರು ನಾಲ್ಕೂವರೆ ಪಟ್ಟು ಬಲ ಬೀಳುತ್ತದೆ ಎಂದು ಅಳೆದು ನೋಡಿದ್ದಾರೆ. ಹಾಗಾಗಿ ಭುಜದ ಪೆಟ್ಟುಗಳು ಈ ಆಟದಲ್ಲಿ ಜಾಸ್ತಿ. ಹಿಂಗಾಲಿನ ಕೆಲಸ ದೇಹವನ್ನು ಮೇಲಕ್ಕೆ ಎತ್ತುವುದು, ಎ-ಫ್ರೇಮ್ ಹತ್ತುವಾಗ ನೂಕುವುದು, ಬಿಗಿ ತಿರುವಿನಲ್ಲಿ ಜಾರದಂತೆ ಹಿಡಿಯುವುದು. ಅಲ್ಲಿ ಕೆಡುವುದು ಸೊಯಾಸ್ ಸ್ನಾಯು ಮತ್ತು ಮಂಡಿ.

ಈ ನಾಯಿಗಳ ಇನ್ನೊಂದು ಗುಣ, ಇವು ನೋವನ್ನು ತೋರಿಸುವುದಿಲ್ಲ. ಬಾರ್ಡರ್ ಕಾಲಿ ಅಂತೂ ಕೆಲಸ ಇದೆ ಅಂದರೆ ಮುರಿದ ಉಗುರಿನಲ್ಲೂ ಓಡುತ್ತದೆ. ಕುಂಟುವುದು ಇವುಗಳಲ್ಲಿ ತಡವಾಗಿ ಬರುವ ಲಕ್ಷಣ. ಮೊದಲು ಕಾಣುವುದು ಸಮಯ ಹೆಚ್ಚಾಗುವುದು, ಕಂಬಿ ಬೀಳುವುದು, ಒಂದು ದಿಕ್ಕಿನ ತಿರುವನ್ನು ತಪ್ಪಿಸುವುದು. ತರಬೇತುದಾರರು ಇದನ್ನು "ಗಮನ ಇಲ್ಲ", "ಹಟ ಮಾಡ್ತಿದೆ" ಅಂತ ಓದುವುದೇ ಹೆಚ್ಚು. ನನ್ನ ಮಟ್ಟಿಗೆ, ಚೆನ್ನಾಗಿ ಆಡುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಕಲಿತದ್ದನ್ನು ಮರೆತರೆ, ಬೇರೇನಾದರೂ ಸಾಬೀತಾಗುವ ತನಕ ಅದು ನೋವೇ.

ಪರೀಕ್ಷೆ

ಅತ್ಯಂತ ಉಪಯೋಗಕ್ಕೆ ಬಂದದ್ದು ಮಾಲೀಕರ ಮೊಬೈಲಿನಲ್ಲಿದ್ದ ಹಳೆಯ ವಿಡಿಯೋಗಳು. ನಿಧಾನಗತಿಯಲ್ಲಿ ಹಾಕಿ ನೋಡಿದೆವು. ವರ್ಷದ ಹಿಂದಿನ ವಿಡಿಯೋದಲ್ಲಿ ರೂಬಿ ಹಾರುವ ಮುಂಚೆ ಎರಡೂ ಹಿಂಗಾಲು ಅಕ್ಕಪಕ್ಕ ಊರಿ, ಒಟ್ಟಿಗೆ ನೂಕುತ್ತಿತ್ತು. ಹೊಸ ವಿಡಿಯೋದಲ್ಲಿ ಬಲಗಾಲು ಹೊಟ್ಟೆಯ ಕೆಳಗೆ ಚೆನ್ನಾಗಿ ಮುಂದೆ ಬರುತ್ತದೆ, ಎಡಗಾಲು ಅರ್ಧದಲ್ಲೇ ನಿಲ್ಲುತ್ತದೆ. ನೂಕುವ ಕೆಲಸ ಬಲಗಾಲೇ ಮಾಡುತ್ತಿದೆ. ಕ್ಲಿನಿಕ್ಕಿನ ಹಜಾರದಲ್ಲಿ ಎಷ್ಟು ನಡೆಸಿದರೂ ಇದು ಕಾಣುತ್ತಿರಲಿಲ್ಲ.

ಇನ್ನೊಂದು ಸುಳಿವು ಕೂರುವ ಭಂಗಿ. ಕೂತ್ಕೋ ಅಂದರೆ ರೂಬಿ ಕೂರುತ್ತಿತ್ತು, ಆದರೆ ಎಡಗಾಲನ್ನು ಪೂರ್ತಿ ಮಡಚದೆ ಹೊರಗೆ ಚಾಚಿ ಕೂರುತ್ತಿತ್ತು. "ಚಿಕ್ಕಂದಿನಿಂದಲೂ ಸೋಮಾರಿ ಥರ ಕೂರ್ತಾಳೆ ಡಾಕ್ಟ್ರೇ" ಅಂದರು ಮಾಲೀಕರು. ಹಳೆಯ ಫೋಟೋ ತೆಗೆದು ತೋರಿಸಿ ಅಂದೆ. ಚಿಕ್ಕಂದಿನ ಫೋಟೋಗಳಲ್ಲಿ ಎರಡೂ ಮಂಡಿ ನೇರ ಮಡಚಿಕೊಂಡು ನೆಟ್ಟಗೆ ಕೂತಿತ್ತು.

ನಿಂತ ನಾಯಿ ತನ್ನ ತೂಕದ ನೂರರಲ್ಲಿ ಸುಮಾರು 60 ಭಾಗವನ್ನು ಮುಂಗಾಲುಗಳ ಮೇಲೆ, 40 ಭಾಗವನ್ನು ಹಿಂಗಾಲುಗಳ ಮೇಲೆ ಹಾಕುತ್ತದೆ. ಅಂದರೆ ಒಂದೊಂದು ಹಿಂಗಾಲಿಗೆ ಇಪ್ಪತ್ತು. ಕಾಲು ಕಾಲಿಗೂ ತೂಕ ತೋರಿಸುವ ಹಲಗೆಯ ಮೇಲೆ ನಿಲ್ಲಿಸಿದಾಗ ರೂಬಿಯ ಎಡ ಹಿಂಗಾಲು 15, ಬಲ 22. ಉಳಿದದ್ದು ಮುಂದಕ್ಕೆ ಹೋಗಿತ್ತು. ತೊಡೆಯ ಸುತ್ತಳತೆ ಎಡಕ್ಕೆ ಬಲಕ್ಕಿಂತ ಒಂದೂವರೆ ಸೆಂಟಿಮೀಟರ್ ಕಡಿಮೆ. ದಟ್ಟ ರೋಮದ ನಾಯಿಯಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ, ಟೇಪು ಹಿಡಿಯಲೇಬೇಕು. ಇಷ್ಟು ಸ್ನಾಯು ಕರಗಬೇಕಾದರೆ ಆ ಕಾಲನ್ನು ತುಂಬಾ ದಿನಗಳಿಂದ ಕಡಿಮೆ ಬಳಸಿದೆ ಎಂದೇ ಅರ್ಥ.

ಸೊಯಾಸ್ ಪರೀಕ್ಷೆಯಲ್ಲಿ ಅನುಮಾನವೇ ಇರಲಿಲ್ಲ. ಈ ಸ್ನಾಯು ಬೆನ್ನುಮೂಳೆಯ ಕೆಳಭಾಗದಿಂದ ಮತ್ತು ಸೊಂಟದ ಮೂಳೆಯಿಂದ ಹೊರಟು ತೊಡೆಮೂಳೆಯ ಒಳಬದಿಯ ಒಂದು ಗುಬುಟಿಗೆ ಅಂಟುತ್ತದೆ. ತೊಡೆಯನ್ನು ಹಿಂದಕ್ಕೆ ಚಾಚಿ, ಒಳಕ್ಕೆ ತಿರುಗಿಸಿದರೆ ಅದು ಬಿಗಿಯುತ್ತದೆ. ಎಡಗಡೆ ಹಾಗೆ ಮಾಡಿದ ತಕ್ಷಣ ರೂಬಿ ತಿರುಗಿ ನನ್ನ ಕೈ ನೋಡಿತು. ಅಂಟುವ ಜಾಗವನ್ನು ಬೆರಳಿನಿಂದ ಒತ್ತಿದಾಗ ಸ್ನಾಯು ಅದುರಿತು. ಬಲಗಡೆಯೂ ಸ್ವಲ್ಪ ನೋವಿತ್ತು.

ಇಲ್ಲಿಗೆ ನಿಲ್ಲಿಸಿ ಮತ್ತೆ ವಿಶ್ರಾಂತಿ ಬರೆದುಕೊಡಬಹುದಿತ್ತು. ಆದರೆ ಸೊಯಾಸ್ ಸುಮ್ನೆ ಕೆಡುವ ಸ್ನಾಯು ಅಲ್ಲ. ಕಾಲು ಜಾರಿ ಅಗಲವಾದರೆ ಒಂದು ಸಲ ಹರಿಯಬಹುದು, ಅದು ವಾಸಿಯೂ ಆಗುತ್ತದೆ. ಮತ್ತೆ ಮತ್ತೆ ಬಂದರೆ ಅದರ ಮೇಲೆ ಬೇರೆ ಯಾರದೋ ಕೆಲಸ ಬೀಳುತ್ತಿದೆ. ಆ ಬೇರೆಯವರು ಸಾಮಾನ್ಯವಾಗಿ ಮೂವರಲ್ಲಿ ಒಬ್ಬರು: ಸೊಂಟದ ಕೀಲು, ಬೆನ್ನಿನ ಕೊನೆಯ ಸಂದು, ಮಂಡಿ.

ಬೆನ್ನು ಒತ್ತಿದಾಗ, ಬಾಲ ಎತ್ತಿದಾಗ ನೋವಿರಲಿಲ್ಲ. ನರಗಳ ಪರೀಕ್ಷೆ ಸರಿಯಾಗಿತ್ತು. ಸೊಂಟದ ಕೀಲು ಬಿಗಿಯಾಗಿತ್ತು, ಎಕ್ಸ್‌ರೇಯಲ್ಲೂ ಚೆನ್ನಾಗಿ ಕೂತಿತ್ತು.

ಮಂಡಿ ಹಾಗಿರಲಿಲ್ಲ. ಮಂಡಿಚಿಪ್ಪಿನ ಕೆಳಗಿನ ಟೆಂಡನ್ನಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ಎರಡು ಅಂಚು ಬೆರಳಿಗೆ ಹಗ್ಗದ ಹಾಗೆ ಸ್ಪಷ್ಟವಾಗಿ ಸಿಗಬೇಕು. ಬಲಗಾಲಿನಲ್ಲಿ ಸಿಕ್ಕಿತು. ಎಡಗಾಲಿನಲ್ಲಿ ಅಂಚು ಮಸುಕಾಗಿತ್ತು, ಅಂದರೆ ಕೀಲಿನಲ್ಲಿ ನೀರು ತುಂಬಿದೆ. ಮಂಡಿಯನ್ನು ಪೂರ್ತಿ ಚಾಚಿದಾಗ ಕೊನೆಯಲ್ಲಿ ನೋವು. ಮಂಡಿಯ ಒಳಬದಿ ತುಸು ದಪ್ಪ. ಮತ್ತಿನ ಚುಚ್ಚುಮದ್ದು ಕೊಟ್ಟು, ಸ್ನಾಯುಗಳು ಸಡಿಲವಾದ ಮೇಲೆ ಡ್ರಾಯರ್ ಪರೀಕ್ಷೆ ಮಾಡಿದೆವು. ಒಂದು ಕೈಯಲ್ಲಿ ತೊಡೆಮೂಳೆ, ಇನ್ನೊಂದರಲ್ಲಿ ಕೆಳಗಾಲಿನ ಮೂಳೆ ಹಿಡಿದು ಮುಂದಕ್ಕೆ ಜಾರುತ್ತದಾ ನೋಡುವುದು. ಕಾಲು ಚಾಚಿದಾಗ ಜಾರಲಿಲ್ಲ. ಮಡಚಿದಾಗ ಒಂದಿಷ್ಟು ಮಿಲಿಮೀಟರ್ ಜಾರಿತು.

ಈ ವ್ಯತ್ಯಾಸದಲ್ಲೇ ಎಲ್ಲ ಇದೆ. ತೊಡೆಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಮಂಡಿಯೊಳಗೆ ಕಟ್ಟಿಹಿಡಿಯುವ ಮುಂದಿನ ಕ್ರೂಸಿಯೇಟ್ ಲಿಗಮೆಂಟಿನಲ್ಲಿ ಎರಡು ಎಳೆ. ಮುಂದಿನ ಒಳ ಎಳೆ ಕಾಲು ಮಡಚಿದರೂ ಬಿಗಿ, ಚಾಚಿದರೂ ಬಿಗಿ. ಹಿಂದಿನ ಹೊರ ಎಳೆ ಚಾಚಿದಾಗ ಮಾತ್ರ ಬಿಗಿ. ಸಾಮಾನ್ಯವಾಗಿ ಮೊದಲು ಹರಿಯುವುದು ಮುಂದಿನ ಎಳೆ. ಆಗ ಕಾಲು ಚಾಚಿ ಪರೀಕ್ಷಿಸಿದರೆ ಉಳಿದ ಎಳೆ ಹಿಡಿದುಕೊಂಡು ಮಂಡಿ ಗಟ್ಟಿಯಾಗಿದೆ ಎಂದೇ ತೋರಿಸುತ್ತದೆ. ಎಚ್ಚರವಿರುವ, ತೊಡೆ ಬಿಗಿಹಿಡಿದ ಆಟಗಾರ ನಾಯಿಯಲ್ಲಂತೂ ಇದು ಸುಲಭವಾಗಿ ತಪ್ಪಿಹೋಗುತ್ತದೆ.

ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ. ಆದರೆ ಮಂಡಿಯ ಮುಂಭಾಗದ ಕೊಬ್ಬಿನ ತ್ರಿಕೋನ ಮುಂದಕ್ಕೆ ಒತ್ತಿಕೊಂಡಿತ್ತು, ಚಿಪ್ಪಿನ ಕೆಳತುದಿಯಲ್ಲಿ ಸಣ್ಣ ಮೂಳೆಮುಳ್ಳು ಎದ್ದಿತ್ತು. ಕೀಲಿನ ನೀರನ್ನು ಪರೀಕ್ಷೆಗೆ ಕಳಿಸಿದೆವು, ಸೋಂಕಿನ ಲಕ್ಷಣ ಇರಲಿಲ್ಲ. ಸೊಯಾಸ್‌ನ ಅಲ್ಟ್ರಾಸೌಂಡಿನಲ್ಲಿ ಅಂಟುವ ಜಾಗದ ಹತ್ತಿರ ಎಳೆಗಳು ಕದಡಿದ್ದವು.

ಎರಡೂ ಇತ್ತು. ಯಾವುದು ಮೊದಲು? ಮೂಳೆಮುಳ್ಳು ಏಳಲು, ತೊಡೆ ಇಷ್ಟು ಸೊರಗಲು ಸಮಯ ಬೇಕು. ಸೊಯಾಸ್‌ನ ಗಾಯ ಹೊಸದಾಗಿ ಕಾಣುತ್ತಿತ್ತು. ಮಂಡಿ ನೋಯುವ ನಾಯಿ ಕಾಲನ್ನು ಪೂರ್ತಿ ಹಿಂದಕ್ಕೆ ಚಾಚಿ ನೂಕುವುದಿಲ್ಲ. ತೊಡೆಯನ್ನು ಮುಂದೆ ಎಳೆದು ಹಿಡಿದೇ ಓಡುತ್ತದೆ. ಸೊಯಾಸ್ ಗಿಡ್ಡವಾಗಿ, ಬಿಗಿಯಾಗಿ ಕೂರುತ್ತದೆ. ನಂತರ ಒಂದು ಜಿಗಿತದಲ್ಲೋ ಜಾರುವಿಕೆಯಲ್ಲೋ ಅದನ್ನು ಒಮ್ಮೆಲೇ ಎಳೆದರೆ ಹರಿಯುತ್ತದೆ. ವಿಶ್ರಾಂತಿ ಕೊಟ್ಟರೆ ಸ್ನಾಯು ಕೂಡಿಕೊಳ್ಳುತ್ತದೆ, ಮಂಡಿ ಹಾಗೇ ಉಳಿಯುತ್ತದೆ. ಮಂಡಿಯೇ ಮೊದಲು ಅನ್ನುವುದು ನನ್ನ ತೀರ್ಮಾನ.

ಯಾವ ದಾರಿ

"ಯಾವ ಜಂಪಲ್ಲಿ ಹರೀತು?" ಮಾಲೀಕರು ಮೊದಲು ಕೇಳಿದ್ದು ಇದನ್ನೇ. ಅವರ ದನಿಯಲ್ಲಿ ತಪ್ಪಿತಸ್ಥ ಭಾವ ಇತ್ತು. ಯಾವ ಜಂಪಿನಲ್ಲೂ ಅಲ್ಲ. ಫುಟ್‌ಬಾಲ್ ಆಟಗಾರರ ಲಿಗಮೆಂಟ್ ಒಂದು ತಿರುವಿನಲ್ಲಿ ಪಟ್ ಅಂತ ಹರಿಯುವ ಹಾಗೆ ನಾಯಿಯದು ಹರಿಯುವುದು ಅಪರೂಪ. ನಾಯಿಯಲ್ಲಿ ಲಿಗಮೆಂಟ್ ಒಳಗೊಳಗೇ ಸವೆದು, ಎಳೆ ಎಳೆಯಾಗಿ ಬಿಡುತ್ತಾ ಬರುತ್ತದೆ. ವಂಶ, ತೂಕ, ಮೂಳೆಯ ಆಕಾರ ಎಲ್ಲ ಇದರಲ್ಲಿ ಸೇರಿದೆ. ಇದೇ ಕಾರಣಕ್ಕೆ ಒಂದು ಮಂಡಿ ಕೆಟ್ಟ ನಾಯಿಗಳಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಮಂಡಿಯೂ ಕೆಡುತ್ತದೆ.

ಮೂಳೆಯ ಆಕಾರ ಅಂದೆ. ನಾಯಿಯ ಕೆಳಗಾಲಿನ ಮೂಳೆಯ ತಲೆ ಹಿಂದಕ್ಕೆ ಇಳಿಜಾರು. ಸಾಮಾನ್ಯವಾಗಿ ಸುಮಾರು 25 ಡಿಗ್ರಿ, ರೂಬಿಯದು 27. ನಾಯಿ ಕಾಲೂರಿದಾಗಲೆಲ್ಲ ತೊಡೆಮೂಳೆ ಆ ಇಳಿಜಾರಿನಲ್ಲಿ ಹಿಂದಕ್ಕೆ ಜಾರಲು ನೋಡುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಗೆ ಕಟ್ಟಿದ ಹಗ್ಗದ ಹಾಗೆ ಲಿಗಮೆಂಟ್ ಅದನ್ನು ಹಿಡಿದಿರುತ್ತದೆ. ಹಗ್ಗ ನವೆದರೆ ಎರಡು ದಾರಿ. ಹೊಸ ಹಗ್ಗ ಕಟ್ಟಬಹುದು, ಇಲ್ಲವೇ ನೆಲವನ್ನೇ ಸಮ ಮಾಡಬಹುದು.

ಹೊಸ ಹಗ್ಗ ಅಂದರೆ ಕೀಲಿನ ಹೊರಗಿನಿಂದ ಗಟ್ಟಿ ನೈಲಾನ್ ದಾರ ಬಿಗಿಯುವುದು. ಸಣ್ಣ ನಾಯಿಗಳಿಗೆ, ಮನೆಯಲ್ಲಿ ಆರಾಮಾಗಿರುವ ನಾಯಿಗಳಿಗೆ ಅದು ಸಾಕಾಗುತ್ತದೆ. ನೆಲ ಸಮ ಮಾಡುವುದು ಅಂದರೆ ಟಿಪಿಎಲ್‌ಒ. ಅಮೆರಿಕದ ಪಶು ಶಸ್ತ್ರಚಿಕಿತ್ಸಕ ಬಾರ್ಕ್ಲೆ ಸ್ಲೊಕಮ್ 1993ರಲ್ಲಿ ಪ್ರಕಟಿಸಿದ ವಿಧಾನ. ಕೆಳಗಾಲಿನ ಮೂಳೆಯ ತಲೆಯನ್ನು ಬಿಲ್ಲಿನಾಕಾರದಲ್ಲಿ ಕೊಯ್ದು, ತಿರುಗಿಸಿ, ಇಳಿಜಾರು ಐದು ಡಿಗ್ರಿಯ ಆಸುಪಾಸಿಗೆ ಬರುವಂತೆ ಪ್ಲೇಟ್ ಹಾಕಿ ಕೂರಿಸುತ್ತಾರೆ. ಆಮೇಲೆ ಆ ಲಿಗಮೆಂಟಿನ ಮೇಲೆ ಹೆಚ್ಚು ಭಾರ ಬೀಳುವುದಿಲ್ಲ. ಅರ್ಧ ಹರಿದ ಹಂತದಲ್ಲೇ ಮಾಡಿದರೆ ಉಳಿದ ಎಳೆ ಉಳಿದುಕೊಳ್ಳುವ ಸಾಧ್ಯತೆ ಇದೆ.

ಶಸ್ತ್ರಚಿಕಿತ್ಸೆ ಇಲ್ಲದೆ ಪಟ್ಟಿ ಕಟ್ಟಿ, ವ್ಯಾಯಾಮ ಮಾಡಿಸಿ ನೋಡಬಹುದಾ ಅಂತಲೂ ಮಾಲೀಕರು ಕೇಳಿದರು. ನೋಡಬಹುದು. ಆದರೆ ಅರ್ಧ ಹರಿದದ್ದು ಪೂರ್ತಿ ಹರಿಯುವುದೇ ಹೆಚ್ಚು. ಆಗ ಅದರ ಜೊತೆ ಒಳಬದಿಯ ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆ) ಕೂಡ ಹರಿಯಬಹುದು. ಅದು ಕೆಳಗಿನ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ, ಮಂಡಿ ಜಾರಿದಾಗ ತಪ್ಪಿಸಿಕೊಳ್ಳಲು ಆಗದೆ ನಡುವೆ ಸಿಕ್ಕಿ ನಜ್ಜಾಗುತ್ತದೆ.

"ಇವಳು ಮತ್ತೆ ಆಡ್ತಾಳಾ ಡಾಕ್ಟ್ರೇ? ನಿಜ ಹೇಳಿಬಿಡಿ."

2018ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಅವರ ಮುಂದಿಟ್ಟೆ. ಟಿಪಿಎಲ್‌ಒ ಆದ 31 ಅಜಿಲಿಟಿ ನಾಯಿಗಳಲ್ಲಿ 20 ಮತ್ತೆ ಸ್ಪರ್ಧೆಗೆ ಇಳಿದಿದ್ದವು. ಸರಾಸರಿ ಏಳೂವರೆ ತಿಂಗಳು ಹಿಡಿದಿತ್ತು. ಮೂರರಲ್ಲಿ ಎರಡು ಅಂತ ಕೇಳಿದಾಗ ಖುಷಿಯಾಗುತ್ತದೆ. ಮೂರರಲ್ಲಿ ಒಂದು ಮರಳಲಿಲ್ಲ ಅಂತಲೂ ಅದೇ ಲೆಕ್ಕ ಹೇಳುತ್ತದೆ. ಮಾಲೀಕರು ಸ್ವಲ್ಪ ಹೊತ್ತು ಯೋಚಿಸಿ, ಆಟ ಇರಲಿ ಬಿಡಲಿ ನೋವು ಹೋಗಲಿ ಅಂದರು. ಅಲ್ಲಿಂದ ಮಾತು ಸಲೀಸಾಯಿತು.

ಶಸ್ತ್ರಚಿಕಿತ್ಸಕರು ಮೊದಲು ಕೀಲಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಮುಂದಿನ ಎಳೆ ಜುಂಜುಜುಂಜಾಗಿತ್ತು, ಹಿಂದಿನದು ಗಟ್ಟಿ ಇತ್ತು, ಮೆನಿಸ್ಕಸ್ ಚೆನ್ನಾಗಿತ್ತು. ಇಳಿಜಾರು 6 ಡಿಗ್ರಿಗೆ ಬಂತು.

ಚೇತರಿಕೆ, ಮತ್ತು ಎರಡು ಗಾಯಗಳ ಜಗಳ

ಮೊದಲ ಎರಡು ವಾರದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಐಸ್, ನೋವಿನ ಮಾತ್ರೆ, ಬೆಲ್ಟ್ ಹಾಕಿಕೊಂಡು ಹೊರಗೆ ಹೋಗಿ ಬರುವುದು, ಮೆಟ್ಟಿಲು ಬೇಡ, ಮಿಕ್ಕ ಹೊತ್ತು ಸಣ್ಣ ಆವರಣದೊಳಗೆ. ಮನುಷ್ಯರ ಐಬುಪ್ರೊಫೆನ್ ನಾಯಿಗೆ ವಿಷ, ಅದನ್ನು ಮಾತ್ರ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಬಾರ್ಡರ್ ಕಾಲಿಯ ಮೂಳೆಗಿಂತ ಅದರ ತಲೆಯನ್ನು ಸಂಭಾಳಿಸುವುದು ಕಷ್ಟ. ಕೆಲಸವಿಲ್ಲದ ಕಾಲಿ ತಾನೇ ಕೆಲಸ ಹುಡುಕಿಕೊಳ್ಳುತ್ತದೆ, ಅದು ಯಾವಾಗಲೂ ನೆಗೆಯುವ ಕೆಲಸವೇ. ಬಟ್ಟೆಯ ಸುರುಳಿಯಲ್ಲಿ ತಿಂಡಿ ಬಚ್ಚಿಟ್ಟು ಮೂಸಿ ಹುಡುಕುವ ಆಟ ಕೊಟ್ಟೆವು. ದಿನದ ಊಟದ ಬಹುಪಾಲು ಹಾಗೇ ಹೋಯಿತು.

ಊಟ ಕಡಿಮೆಯನ್ನೂ ಮಾಡಿದೆವು. ಓಡಾಟ ನಿಂತ ನಾಯಿಗೆ ಓಡುವ ನಾಯಿಯ ಊಟ ಹಾಕಿದರೆ ಮಂಡಿಯ ಮೇಲೆ ಭಾರ ಹೇರಿದಂತೆಯೇ. ರೂಬಿ ಚೇತರಿಕೆಯ ಮಧ್ಯದಲ್ಲಿ 16.9 ಕಿಲೋಗೆ ಇಳಿಯಿತು. ಪಕ್ಕೆಲುಬು ಬೆರಳಿಗೆ ಸಲೀಸಾಗಿ ಸಿಗುವ ಮಟ್ಟ ಅದು.

ಹೊಲಿಗೆ ಮಾಗಿದ ಮೇಲೆ ನಡಿಗೆ. ಇಲ್ಲಿ ಒಂದೇ ಮಾತು: ನಿಧಾನ. ನಾಯಿಯನ್ನು ಬೇಗ ನಡೆಸಿದರೆ ಅದು ನೋಯುವ ಕಾಲನ್ನು ಎತ್ತಿಕೊಂಡು ಮೂರು ಕಾಲಲ್ಲಿ ಚೆನ್ನಾಗಿಯೇ ಓಡುತ್ತದೆ. ನಿಧಾನವಾಗಿ ನಡೆಸಿದರೆ ಮಾತ್ರ ನಾಲ್ಕನ್ನೂ ಊರಲೇಬೇಕು. ಮಾಲೀಕರಿಗೆ ಇದು ಬಹಳ ಬೇಸರದ ಕೆಲಸ. ಐದು ನಿಮಿಷ ಹೀಗೆ ನಡೆಸುವುದು ಅರ್ಧ ಗಂಟೆ ಓಡಿಸುವುದಕ್ಕಿಂತ ಹೆಚ್ಚು ಉಪಯೋಗ.

ನೀರಿನ ಟ್ರೆಡ್‌ಮಿಲ್ ಕೂಡ ಆಗ ಶುರುವಾಯಿತು. ನೀರಿನ ಮಟ್ಟ ಎಷ್ಟಿರಬೇಕು ಅನ್ನುವುದು ಅಂದಾಜಿನ ವಿಷಯ ಅಲ್ಲ. ಹಾಕ್ ಕೀಲಿನವರೆಗೆ ನೀರಿದ್ದರೆ ನಾಯಿಯ ತೂಕದ 91 ಶೇಕಡಾ ಇನ್ನೂ ಕಾಲ ಮೇಲೇ ಇರುತ್ತದೆ. ಮಂಡಿಯವರೆಗೆ ಬಂದರೂ 85. ಸೊಂಟದ ಕೀಲಿನ ಮಟ್ಟಕ್ಕೆ ಏರಿಸಿದಾಗ ಮಾತ್ರ ಒಮ್ಮೆಲೇ 38ಕ್ಕೆ ಇಳಿಯುತ್ತದೆ. ಮಂಡಿಯುದ್ದ ನೀರು ತುಂಬಿ "ಭಾರ ಕಡಿಮೆ ಮಾಡಿದ್ದೇವೆ" ಅನ್ನುವವರನ್ನು ನೋಡಿದ್ದೇನೆ. ಆ ಮಟ್ಟದಲ್ಲಿ ಭಾರ ಕಡಿಮೆಯಾಗುವುದು ಅಷ್ಟಕ್ಕಷ್ಟೇ. ಅಲ್ಲಿ ಆಗುವುದು ಇನ್ನೊಂದು ಲಾಭ, ನಾಯಿ ನೀರಿನಿಂದ ಕಾಲೆತ್ತಲು ಕೀಲುಗಳನ್ನು ಹೆಚ್ಚು ಮಡಚುತ್ತದೆ. ರೂಬಿಗೆ ಮೊದಲು ಮೇಲಿನ ಮಟ್ಟ, ಆಮೇಲೆ ಹಂತಹಂತವಾಗಿ ಕೆಳಗೆ.

ನಾವು ಬೆನ್ನುಹತ್ತಿದ ಅಳತೆ ಮಂಡಿಯ ಚಾಚುವಿಕೆ. ನಾಯಿಯ ಮಂಡಿ ಸುಮಾರು 41 ಡಿಗ್ರಿವರೆಗೆ ಮಡಚಿ 162ರವರೆಗೆ ಚಾಚುತ್ತದೆ. ಟಿಪಿಎಲ್‌ಒ ಆದ ಮೇಲೆ ಹತ್ತು ಡಿಗ್ರಿ ಅಥವಾ ಹೆಚ್ಚು ಕಳೆದುಕೊಂಡ ನಾಯಿಗಳು ಕುಂಟುವುದು ಜಾಸ್ತಿ. ಹೊಲಿಗೆ ಬಿಚ್ಚುವ ಹೊತ್ತಿಗೆ ರೂಬಿಯದು 148 ಇತ್ತು.

ಇಲ್ಲೇ ತೊಡಕು. ಮಂಡಿ ಚಾಚುವಿಕೆಗೆ ಒಳ್ಳೆಯ ವ್ಯಾಯಾಮಗಳು ಯಾವುವು? ಮುಂಗಾಲನ್ನು ಎತ್ತರದ ಮೇಲಿಟ್ಟು ನಿಲ್ಲಿಸುವುದು, ಏರು ಹತ್ತಿಸುವುದು. ಎರಡರಲ್ಲೂ ತೊಡೆ ಹಿಂದಕ್ಕೆ ಹೋಗುತ್ತದೆ, ಸೊಯಾಸ್ ಎಳೆಯುತ್ತದೆ. ಮಂಡಿಗೆ ಬೇಕಾದದ್ದು ಸೊಯಾಸ್‌ಗೆ ಬೇಡ. ಸೊಯಾಸ್‌ಗೆ ಬೇಕಾದ ಪೂರ್ತಿ ವಿಶ್ರಾಂತಿ ಮಂಡಿಗೆ ಬೇಡ. ಟಿಪಿಎಲ್‌ಒಗೆ ಸಿದ್ಧ ಮಾಡಿಟ್ಟ ವಾರವಾರದ ಪಟ್ಟಿಯನ್ನು ಹಾಗೇ ಹಿಡಿದರೆ ಇಂಥ ನಾಯಿ ಮತ್ತೆ ಸೊಯಾಸ್ ಹರಿದುಕೊಳ್ಳುತ್ತದೆ.

ಮಂಡಿಗೆ ಮೊದಲ ಜಾಗ ಕೊಟ್ಟೆವು. ನಾಯಿಯನ್ನು ಪಕ್ಕಕ್ಕೆ ಮಲಗಿಸಿ, ತೊಡೆಯನ್ನು ನಡುಮಟ್ಟದಲ್ಲೇ ಹಿಡಿದು ಮಂಡಿಯನ್ನು ಮಾತ್ರ ಚಾಚಿಸುವುದು. ಮಾಲೀಕರೇ ಕಲಿತು ದಿನಕ್ಕೆ ಹಲವು ಸಲ ಮಾಡಿದರು. ಮುಂಗಾಲು ಎತ್ತರಕ್ಕಿಡುವುದನ್ನು ತಡಮಾಡಿ, ಸೊಯಾಸ್ ಒತ್ತಿದಾಗ ಅದುರುವುದು ನಿಂತ ಮೇಲೆ, ಪುಸ್ತಕದ ದಪ್ಪದ ಎತ್ತರದಿಂದ ಶುರು ಮಾಡಿದೆವು. ಲೇಸರ್ ಕೂಡ ಕೊಟ್ಟೆವು. ಅದರಿಂದ ಎಷ್ಟು ಆಯಿತೋ, ಸಮಯದಿಂದ ಎಷ್ಟು ಆಯಿತೋ ಬೇರ್ಪಡಿಸಲು ಆಗದು. ಅದರ ಮೇಲೆ ನನಗೆ ದೊಡ್ಡ ಭರವಸೆಯೂ ಇಲ್ಲ.

ಆರನೇ ವಾರದಲ್ಲಿ ರೂಬಿ ನಿಜವಾಗಿಯೂ ಕುಂಟಿತು. ಇಷ್ಟು ದಿನ ಕುಂಟದ ನಾಯಿ ಶಸ್ತ್ರಚಿಕಿತ್ಸೆ ಆದ ಮೇಲೆ ಕುಂಟಿದರೆ ಮಾಲೀಕರಿಗೆ ಹೇಗಾಗಬೇಡ. ಪ್ಲೇಟ್ ಸಡಿಲವಾಯ್ತಾ, ಸೋಂಕಾ, ಮೆನಿಸ್ಕಸ್ ಹರಿದುಹೋಯ್ತಾ? ಮಂಡಿ ಮಡಚಿ ಚಾಚುವಾಗ ಟಿಕ್ ಶಬ್ದ ಇರಲಿಲ್ಲ, ಜ್ವರ ಇರಲಿಲ್ಲ, ಎಕ್ಸ್‌ರೇಯಲ್ಲಿ ಪ್ಲೇಟ್ ಗಟ್ಟಿಯಾಗಿ ಕೂತಿತ್ತು, ಕೊಯ್ದ ಗೆರೆ ಮಸುಕಾಗುತ್ತಾ ಬಂದಿತ್ತು. ಆದರೆ ಚಿಪ್ಪಿನ ಕೆಳಗಿನ ಟೆಂಡನ್ ದಪ್ಪವಾಗಿತ್ತು, ಒತ್ತಿದರೆ ನೋವು. ಟಿಪಿಎಲ್‌ಒ ನಂತರ ಈ ಟೆಂಡನ್ ದಪ್ಪವಾಗುವುದು ಹಲವು ನಾಯಿಗಳಲ್ಲಿ ಎಕ್ಸ್‌ರೇಯಲ್ಲಿ ಕಾಣುತ್ತದೆ, ನೋವು ಕೊಡುವುದು ಕೆಲವಕ್ಕೆ ಮಾತ್ರ.

ಎಲ್ಲಿ ಅಂತ ಗೊತ್ತಾಯಿತು. ಯಾಕೆ? ಮನೆಯ ದಿನಚರಿ ಕೇಳುತ್ತಾ ಹೋದಾಗ ಸಿಕ್ಕಿತು. ಕೂತು ಏಳುವ ವ್ಯಾಯಾಮ ಸೊಯಾಸ್‌ಗೆ ತೊಂದರೆ ಕೊಡದೆ ತೊಡೆ ಬೆಳೆಸುತ್ತದೆ ಅಂತ ಹೇಳಿದ್ದೆವು. ಮಾಲೀಕರು ಉತ್ಸಾಹದಲ್ಲಿ ಅದನ್ನು ಹೇಳಿದ್ದಕ್ಕಿಂತ ಬಹಳ ಜಾಸ್ತಿ ಮಾಡಿಸಿದ್ದರು. ರೂಬಿ ತಿಂಡಿಗಾಗಿ ದಿನವಿಡೀ ಕೂತು ಎದ್ದಿತ್ತು. ಪ್ರತಿ ಸಲ ಏಳುವಾಗಲೂ ಆ ಟೆಂಡನ್ನೇ ಎಳೆಯುತ್ತದೆ. ಎರಡು ವಾರ ಕೂತು ಏಳುವುದನ್ನು ಪೂರ್ತಿ ಬಿಡಿಸಿ ನಡಿಗೆ, ನೀರು ಮಾತ್ರ ಇಟ್ಟುಕೊಂಡೆವು. ಇಳಿಯಿತು.

ಮೂಳೆ ಕೂಡಿದ ಮೇಲೆ

ಎಂಟನೇ ವಾರದ ಎಕ್ಸ್‌ರೇಯಲ್ಲಿ ಮೂಳೆ ಕೂಡಿತ್ತು. ಇಡೀ ಚೇತರಿಕೆಯಲ್ಲಿ ನನಗೆ ಹೆಚ್ಚು ಭಯ ಈ ದಿನದ್ದೇ. "ಮೂಳೆ ಕೂಡಿದೆ" ಅಂದ ತಕ್ಷಣ ಮಾಲೀಕರ ಕಿವಿಗೆ "ಇನ್ನು ಓಡಿಸಬಹುದು" ಅಂತ ಬೀಳುತ್ತದೆ. ರೂಬಿಯ ಮೂಳೆ ತಯಾರಿತ್ತು, ತೊಡೆ ಇನ್ನೂ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಸಣ್ಣ ಇತ್ತು, ಸೊಯಾಸ್‌ಗೆ ಎಳೆತ ತಡೆಯುವ ಅಭ್ಯಾಸವೇ ಇರಲಿಲ್ಲ. ಆಟದಲ್ಲಿ ಆ ಸ್ನಾಯು ಕೆಡುವುದು ಗಿಡ್ಡವಾಗುವಾಗ ಅಲ್ಲ, ಬಿಗಿಹಿಡಿದೇ ಉದ್ದವಾಗುವಾಗ.

ಹಾಗಾಗಿ ಮುಂದಿನ ತಿಂಗಳುಗಳು ಅದಕ್ಕೇ ಹೋದವು. ನೆಲದ ಮೇಲೆ ಸಾಲಾಗಿ ಇಟ್ಟ ಕೋಲುಗಳ ಮೇಲೆ ಕಾಲೆತ್ತಿ ನಡೆಯುವುದು, ಹಿಂದಕ್ಕೆ ನಡೆಯುವುದು, ಪಕ್ಕಕ್ಕೆ ಸರಿಯುವುದು, ಗಾಳಿ ತುಂಬಿದ ತಟ್ಟೆಯ ಮೇಲೆ ಹಿಂಗಾಲಿಟ್ಟು ಅಲುಗಾಡದೆ ನಿಲ್ಲುವುದು, ಆಮೇಲೆ ಏರು, ಅದಾದ ಮೇಲೆ ಇಳಿಜಾರು. ನೇರ ಗೆರೆಯಲ್ಲಿ ಟ್ರಾಟ್ (ನಡಿಗೆಗೂ ಓಟಕ್ಕೂ ನಡುವಿನ ಗತಿ) ಬಂದ ಮೇಲೆ ಎಂಟರ ಆಕಾರದ ಸುತ್ತು, ಮೊದಲು ದೊಡ್ಡದು, ಬರಬರುತ್ತಾ ಚಿಕ್ಕದು. ಚೆಂಡು ಎಸೆಯಲು ಕೊನೆಯವರೆಗೂ ಅವಕಾಶ ಕೊಡಲಿಲ್ಲ. ಓಡುವ ನಾಯಿ ಚೆಂಡಿಗಾಗಿ ಒಮ್ಮೆಲೇ ನಿಂತು ತಿರುಗುವ ಆ ಕ್ಷಣ ಯಾವ ಸ್ಪರ್ಧೆಯ ಅಡೆತಡೆಗಿಂತಲೂ ಕೆಟ್ಟದ್ದು. ಅದನ್ನು "ವ್ಯಾಯಾಮ" ಅಂತ ಕರೆಯುವವರ ಜೊತೆ ನನ್ನ ಜಗಳ ಹಳೆಯದು.

ಅಂಗಳಕ್ಕೆ ಮರಳಿದಾಗ ಮೊದಲು ಕಂಬಿಗಳು ನೆಲದ ಮೇಲೇ ಇದ್ದವು. ನಂತರ ಮುಂಗಾಲಿನ ಮಣಿಕಟ್ಟಿನ ಎತ್ತರ, ನಂತರ ಮೊಣಕೈ ಎತ್ತರ. ವೀವ್ ಪೋಲ್‌ಗಳನ್ನು ನೇರ ಸಾಲಿನಲ್ಲಿ ಇಡದೆ, ನಡುವೆ ಓಣಿ ಬಿಟ್ಟು ಎರಡು ಸಾಲು ಮಾಡಿ, ಓಣಿಯನ್ನು ಕಿರಿದಾಗಿಸುತ್ತಾ ಬಂದೆವು. ಎ-ಫ್ರೇಮ್ ತಗ್ಗಿಸಿ ಇಟ್ಟದ್ದು, ಅದೂ ಎಲ್ಲದರ ಕೊನೆಗೆ. ಪಂಜದ ಅಡಿಯ ರೋಮ ಕತ್ತರಿಸುವುದು, ಉಗುರು ಗಿಡ್ಡ ಇಡುವುದು, ಒದ್ದೆ ಹುಲ್ಲಿನ ದಿನ ಬಿಟ್ಟುಬಿಡುವುದು ಸಣ್ಣ ವಿಷಯ ಅನ್ನಿಸಬಹುದು. ಸೊಯಾಸ್‌ಗೆ ಅವು ಸಣ್ಣವಲ್ಲ.

ಮುಂದಿನ ಹಂತಕ್ಕೆ ಯಾವಾಗ ಹೋಗಬೇಕು ಅನ್ನುವುದನ್ನು ಕ್ಯಾಲೆಂಡರಿಗೆ ಬಿಡಲಿಲ್ಲ. ತೊಡೆಸಂದಿನ ಪರೀಕ್ಷೆಯಲ್ಲಿ ನೋವಿರಬಾರದು, ಎರಡು ಮಂಡಿಗಳ ಚಾಚುವಿಕೆ ಒಂದೇ ಇರಬೇಕು, ಹಲಗೆಯ ಮೇಲೆ ಎರಡು ಹಿಂಗಾಲು ಸಮ ತೂಗಬೇಕು. ಇವು ಕ್ಲಿನಿಕ್ಕಿನ ಅಳತೆಗಳು. ಅಂಗಳದ ಅಳತೆ ವಿಡಿಯೋ, ಅದೂ ತರಬೇತಿಯ ಕೊನೆಯ ಸುತ್ತಿನದು. ಉತ್ಸಾಹದಲ್ಲಿರುವ ಮೊದಲ ಸುತ್ತಿನಲ್ಲಿ ಯಾವ ನಾಯಿಯೂ ಚೆನ್ನಾಗಿಯೇ ಓಡುತ್ತದೆ. ದಣಿದಾಗ ಎಡಗಾಲು ಹಿಂದೆ ಬೀಳುತ್ತದಾ? ಮಾರನೆಯ ಬೆಳಿಗ್ಗೆ ಏಳುವಾಗ ಬಿಗಿತ ಇದೆಯಾ? ಇದ್ದರೆ ಹಿಂದಿನ ಹಂತಕ್ಕೆ.

ಒಂದು ಸಲ ಹಾಗೆ ಹಿಂದೆ ಬರಬೇಕಾಯಿತು, ಬಿಗಿ ತಿರುವುಗಳನ್ನು ಸೇರಿಸಿದಾಗ. ಮಾಲೀಕರು ಅಷ್ಟು ಹೊತ್ತಿಗೆ ಗಾಬರಿಯಾಗುವುದನ್ನು ಬಿಟ್ಟಿದ್ದರು. "ಎಡ ತಿರುವಲ್ಲಿ ಮತ್ತೆ ಅಗಲ ಆಗ್ತಿದ್ದಾಳೆ, ಸೊಯಾಸ್ ಇರಬೇಕು, ಮಂಡಿ ಚೆನ್ನಾಗಿ ಮಡಚ್ತಿದ್ದಾಳೆ" ಅಂತ ಫೋನಿನಲ್ಲಿ ಹೇಳಿದರು. ಪರೀಕ್ಷೆ ಮಾಡಿದಾಗ ಅವರ ಮಾತೇ ನಿಜವಾಗಿತ್ತು.

ಒಂಬತ್ತನೇ ತಿಂಗಳಲ್ಲಿ ರೂಬಿ ಸ್ಪರ್ಧೆಗೆ ಮರಳಿತು, ಮೊದಲಿಗಿಂತ ಒಂದು ಮಟ್ಟ ತಗ್ಗಿದ ಕಂಬಿಗಳೊಂದಿಗೆ. ಕಂಬಿ ಬೀಳಿಸುವುದು ನಿಂತಿದೆ. ಎಡ ತಿರುವು ಬಲ ತಿರುವಿನಷ್ಟು ಚುರುಕಿಲ್ಲ, ಆದರೆ ತಪ್ಪಿಸುವುದಿಲ್ಲ. ತೊಡೆಯಲ್ಲಿ ಅರ್ಧ ಸೆಂಟಿಮೀಟರ್ ವ್ಯತ್ಯಾಸ ಉಳಿದಿದೆ. ಮಂಡಿಯ ಚಾಚುವಿಕೆ 160. ಒಂದೇ ದಿನ ಹಲವು ಸುತ್ತು ಓಡಿಸುವುದನ್ನು ಮಾಲೀಕರು ಬಿಟ್ಟಿದ್ದಾರೆ, ತರಬೇತಿಯಲ್ಲಿ ಎ-ಫ್ರೇಮ್ ಹತ್ತಿಸುವುದನ್ನೂ. ಅದು ರೂಬಿಗೆ ಬರುತ್ತದೆ, ಸ್ಪರ್ಧೆಯ ದಿನ ಹತ್ತಿದರೆ ಸಾಕು ಅನ್ನುವುದು ಅವರ ಲೆಕ್ಕ. ಎಡ ಮಂಡಿಯ ಸವೆತ ಅಲ್ಲಿಗೇ ನಿಲ್ಲುವುದಿಲ್ಲ, ನಿಧಾನವಾಗಿ ಮುಂದುವರಿಯುತ್ತದೆ. ಬಲ ಮಂಡಿಯನ್ನು ಈಗ ಆರು ತಿಂಗಳಿಗೊಮ್ಮೆ, ಕಾಲು ಮಡಚಿಯೂ ಚಾಚಿಯೂ ಪರೀಕ್ಷಿಸುತ್ತೇವೆ. ಕಳೆದ ಸಲ ಟೆಂಡನ್ನಿನ ಅಂಚು ಎರಡೂ ಕಡೆ ಸ್ಪಷ್ಟವಾಗಿ ಸಿಕ್ಕಿತು.